ಮೈಸೂರಿನ ಆಕಾಶವಾಣಿಯೂ ವಿದ್ಯುನ್ಮಂಡಲದ ಪರೀಕ್ಷಾಕ್ರಮವೂ

ಆಕಾಶವಾಣಿಯೆಂಬ ಶಬ್ದವು ಸಂಸ್ಕೃತ ಕರ್ಣಾಟಕ ಕಾವ್ಯಗಳಲ್ಲಿ ಪರಿಶ್ರಮವುಳ್ಳವರಿಗೆ ಹೊಸದಲ್ಲ. ತಂಗಿಯಾದ ದೇವಕಿಯ ಮದುವೆಯ ಮೆರವಣಿಗೆಯಲ್ಲಿ ತಾನೇ ರಥವನ್ನು ನಡೆಸುತ್ತಿದ್ದ ಕಂಸನಿಗೆ ಅವನ ಮೃತ್ಯುವನ್ನು ತಿಳಿಸಿದುದು ಅಶರೀರವಾಣಿ. ಶಾಕುಂತಲ ನಾಟಕದಲ್ಲಿ ಅಗ್ನಿಶಾಲೆಯನ್ನು ಹೊಕ್ಕ ಕಣ್ವಮಹರ್ಷಿಗೆ ಮಗಳ ವೃತ್ತಾಂತವನ್ನು ಅರುಹಿದುದೂ ಅಂಥದೇ ಒಂದು ವಾಣಿ. ಈ ಎಲ್ಲ ಸ್ಥಳಗಳಲ್ಲಿಯೂ ನುಡಿಯುವವನು ಕಾಣಿಸನು, ನುಡಿ ಮಾತ್ರ ಕೇಳಿಸುವುದು. ೧೯೩೫ನೆಯ ಇಸವಿ ಸೆಪ್ಟೆಂಬರ್ ೧೦ರಂದು ಮೈಸೂರು ನಗರದಲ್ಲಿ ಈ ಪುರಾತನ ಶಬ್ದಕ್ಕೆ ನೂತನವಾದ ಒಂದು ಅರ್ಥವು ಸೇರಿತು. ಅಂದು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ವಾಸಗೃಹವಾದ ವಿಠಲ ವಿಹಾರದಲ್ಲಿ ಸ್ಥಾಪಿಸಿದ ಪ್ರಸಾರ ನಿಲಯವು ನುಡಿಯತೊಡಗಿತು.

ಈ ಹೆಸರಿನ ವೃತ್ತಾಂತವು ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಅನೇಕಾವರ್ತಿ ಬಂದಿದೆ. ಆದರೆ ವಾಣಿಯನ್ನು ಹೊರಡಿಸುವ ಉಪಕರಣದ ವಿಷಯದಲ್ಲಿ ಅಷ್ಟು ಆದರವು ಕಂಡುಬರುವುದಿಲ್ಲ. ಅಂಥ ಉಪಕರಣದ ವಿದ್ಯುನ್ಮಂಡಲವು ಎಂಥದು, ಅದನ್ನು ಯೋಜಿಸುವುದರಲ್ಲಿಯೂ ಪರೀಕ್ಷಿಸುವುದರಲ್ಲಿಯೂ ಇರುವ ಕ್ಲೇಶವೇನು, ಆ ಕ್ಲೇಶವು ಇಂದಿನ ಮುದ್ರಿತ ಹಲಗೆಗಳಲ್ಲಿ ಯಾವ ರೂಪವನ್ನು ತಾಳಿದೆ ಎಂಬ ಮೂರು ಅಂಶಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೧. ಶಾಸ್ತ್ರದ ಆಕಾಶವೂ ರೇಡಿಯೋ ತರಂಗವೂ

ನ್ಯಾಯವೈಶೇಷಿಕರ ಮತದಲ್ಲಿ ಶಬ್ದವು ಆಕಾಶದ ಗುಣ. ಭೇರಿಯ ಬಳಿಯಲ್ಲಿ ಹುಟ್ಟಿದ ಶಬ್ದವು ದೂರಸ್ಥನ ಕಿವಿಯನ್ನು ಹೇಗೆ ಮುಟ್ಟುವುದೆಂಬ ಪ್ರಶ್ನೆಗೆ ಅವರು ಎರಡು ದೃಷ್ಟಾಂತಗಳನ್ನು ಕೊಡುತ್ತಾರೆ. ಕೊಳದಲ್ಲಿ ಒಂದು ಅಲೆಯು ಮತ್ತೊಂದನ್ನು ಹುಟ್ಟಿಸುತ್ತ ದಡವನ್ನು ಸೇರುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಎಲ್ಲ ದಿಕ್ಕುಗಳಿಗೂ ಒಮ್ಮೆಗೇ ಅರಳುವಂತೆ ಎಂಬುದು ಕದಂಬಮುಕುಲನ್ಯಾಯ. ಮೀಮಾಂಸಕರಾದರೋ ವರ್ಣವು ನಿತ್ಯವೆಂದೂ, ವಾಯುವಿನ ಸಂಯೋಗವಿಭಾಗಗಳಿಂದ ಉಂಟಾದ ಧ್ವನಿಯು ಅದನ್ನು ವ್ಯಕ್ತಪಡಿಸುವುದಷ್ಟೇ ಎಂದೂ ಹೇಳುತ್ತಾರೆ.

ಇವನ್ನು ಆಧಾರವಾಗಿಟ್ಟುಕೊಂಡು ರೇಡಿಯೋವಿನ ತತ್ತ್ವವು ಪ್ರಾಚೀನರಿಗೆ ವಿದಿತವಾಗಿತ್ತೆಂದು ಸಾಧಿಸಹೊರಡುವುದು ಯುಕ್ತವಲ್ಲ. ಆ ದರ್ಶನಕಾರರು ವಿಚಾರಿಸಿದುದು ಶ್ರೋತ್ರೇಂದ್ರಿಯಕ್ಕೆ ಗೋಚರವಾಗುವ ಶಬ್ದವನ್ನು. ಅದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರುಗಳ ವೇಗದಿಂದ ಚಲಿಸತಕ್ಕದ್ದು. ಪ್ರಸಾರ ನಿಲಯದ ಏರಿಯಲ್ಲಿನಿಂದ ಹೊರಡುವುದು ಶಬ್ದವೇ ಅಲ್ಲ. ಅದು ವಿದ್ಯುತ್ಕಾಂತ ತರಂಗ. ಅದಕ್ಕೆ ಗಾಳಿಯ ಆಸರೆ ಬೇಡ. ವೇಗವು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು. ಎಷ್ಟೇ ಪ್ರಬಲವಾದರೂ ಅದು ಕಿವಿಗೆ ಕೇಳಿಸದು. ಮಾತಿನ ಏರಿಳಿತವನ್ನು ಆ ತರಂಗದ ಮೇಲೆ ಹೊರಿಸಿ ಕಳುಹಿಸಿ, ಕೇಳುವವರ ಮನೆಯಲ್ಲಿ ಅದನ್ನು ಇಳಿಸಿ ಮರಳಿ ಶಬ್ದವನ್ನಾಗಿ ಮಾಡಬೇಕು. ಆದಕಾರಣ ಆಕಾಶವಾಣಿಯೆಂಬ ಹೆಸರಿನ ಸೊಗಸು ಕವಿಸಮಯಕ್ಕೆ ಸೇರಿದುದೇ ಹೊರತು ಶಾಸ್ತ್ರಪ್ರಮಾಣಕ್ಕೆ ಸೇರಿದುದಲ್ಲ. ಕೆಸರಿನಲ್ಲಿ ಹುಟ್ಟಿದುದೆಂಬ ಅರ್ಥವುಳ್ಳ ಪಂಕಜಶಬ್ದವು ತಾವರೆಯೊಂದರಲ್ಲಿಯೇ ನೆಲೆನಿಂತಂತೆ ಈ ಶಬ್ದವೂ ಪ್ರಸಾರ ನಿಲಯದಲ್ಲಿ ಯೋಗರೂಢವಾಯಿತೆಂದು ತಿಳಿಯುವುದೇ ಸರಿ.

೨. ಮೈಸೂರಿನ ನಿಲಯ

ವಿದ್ಯುತ್ಕಾಂತ ತರಂಗವಿರಬೇಕೆಂದು ಗಣಿತದಿಂದ ತೋರಿಸಿದವರು ಇಂಗ್ಲೆಂಡಿನಲ್ಲಿ ಅಧ್ಯಾಪಕರಾಗಿದ್ದ ಮ್ಯಾಕ್ಸ್‌ವೆಲ್. ಅವರ ಪ್ರಬಂಧವು ೧೮೬೫ರಲ್ಲಿ ಪ್ರಕಟವಾಯಿತು. ಅದನ್ನು ಪ್ರಯೋಗದಿಂದ ಕಂಡವರು ಜರ್ಮನಿಯ ಹರ್ಟ್ಸ್. ಅವರ ಪ್ರಯೋಗಗಳು ೧೮೮೭-೮೮ರವು. ಭರತಖಂಡದಲ್ಲಿ ಜಗದೀಶಚಂದ್ರ ಬಸುಗಳು ೧೮೯೫ರ ವೇಳೆಗೆ ಕಲ್ಕತ್ತೆಯಲ್ಲಿ ಕೆಲವು ಮಿಲಿಮೀಟರುಗಳಷ್ಟೇ ಉದ್ದವುಳ್ಳ ತರಂಗಗಳನ್ನು ಹುಟ್ಟಿಸಿ ಪರೀಕ್ಷಿಸಿದರು. ಮಾತು ಸಂಗೀತಗಳ ಪ್ರಸಾರವು ಈ ದೇಶದಲ್ಲಿ ಮೊಳೆತುದು ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ. ಮದರಾಸಿನಲ್ಲಿ ಸಿ. ವಿ. ಕೃಷ್ಣಸ್ವಾಮಿ ಶೆಟ್ಟರ ಉದ್ಯಮದಿಂದ ೧೯೨೪ರಲ್ಲಿ ಒಂದು ರೇಡಿಯೋ ಕ್ಲಬ್ಬು ಸ್ಥಾಪಿತವಾಗಿ, ೪೦ ವ್ಯಾಟ್ ಶಕ್ತಿಯ ಪ್ರೇಷಕದಿಂದ ಪ್ರಸಾರಮಾಡಿತು. ಆಮೇಲೆ ಅದು ೨೦೦ ವ್ಯಾಟಿನ ಪ್ರೇಷಕವನ್ನು ಪಡೆಯಿತು. ೧೯೨೭ನೆಯ ಜುಲೈ ೨೩ರಂದು ಮುಂಬಯಿಯಲ್ಲಿ ಒಂದು ಕಂಪನಿಯ ಆಶ್ರಯದಲ್ಲಿ ೧೫೦೦ ವ್ಯಾಟಿನ ನಿಲಯವು ಆರಂಭವಾಯಿತು. ೧೯೩೦ರಲ್ಲಿ ಸರಕಾರವು ಪ್ರಸಾರಕಾರ್ಯವನ್ನು ವಹಿಸಿಕೊಂಡಿತು. ೧೯೩೬ನೆಯ ಜೂನ್ ೮ರಂದು ಆ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು.

ಈ ಕಾಲಕ್ರಮವನ್ನು ಮುಂದಿಟ್ಟುಕೊಂಡರೆ ಮೈಸೂರಿಗೆ ಸಲ್ಲುವ ಗೌರವವೂ ಸಲ್ಲದ ಗೌರವವೂ ಸ್ಪಷ್ಟವಾಗುತ್ತವೆ. ದೇಶದಲ್ಲಿ ಪ್ರಥಮವಾಗಿ ಪ್ರಸಾರ ನಡೆದುದು ಮೈಸೂರಿನಲ್ಲೆಂದು ಹೇಳಬರುವುದಿಲ್ಲ. ಹನ್ನೊಂದು ವರ್ಷಗಳ ಹಿಂದೆಯೇ ಮದರಾಸಿನ ಕ್ಲಬ್ಬು ಇದ್ದಿತು. ಆದರೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರೇ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ರಾಜ್ಯದ ಸೇವೆಯಲ್ಲಿದ್ದ ಒಬ್ಬ ಅಧ್ಯಾಪಕರು ತಮ್ಮ ಮನೆಯಲ್ಲಿಯೇ ೩೦ ವ್ಯಾಟಿನ ಪ್ರೇಷಕವನ್ನಿಟ್ಟು, ಮುಂದೆ ೨೫೦ ವ್ಯಾಟಿನದನ್ನು ತರಿಸಿ, ಸಾರ್ವಜನಿಕರ ಮತ್ತು ನಗರಸಭೆಯ ನೆರವಿನಿಂದ ಆರು ವರ್ಷಗಳಿಗಿಂತ ಹೆಚ್ಚುಕಾಲ ನಿಲಯವನ್ನು ನಡಸಿದುದು ಮೈಸೂರಿನ ವಿಶೇಷ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ವ್ಯಾಸಂಗಮಾಡಿ ಬಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ಪ್ರಯೋಗಶಾಲೆಯಿಲ್ಲದೆ ಮನಶ್ಶಾಸ್ತ್ರವಿಲ್ಲವೆಂಬ ಸಂಪ್ರದಾಯದಲ್ಲಿ ನುರಿತವರಿಗೆ ಉಪಕರಣಗಳಲ್ಲಿ ಆಸಕ್ತಿ ಹುಟ್ಟಿದುದು ಸಹಜವೇ ಸರಿ.

೧೯೪೨ನೆಯ ಜನವರಿ ೧ರಂದು ಮೈಸೂರು ಸಂಸ್ಥಾನವು ಈ ನಿಲಯವನ್ನು ವಹಿಸಿಕೊಂಡಿತು. ೧೯೫೦ನೆಯ ಏಪ್ರಿಲ್ ೧ರಂದು ದೇಶೀಯ ಸಂಸ್ಥಾನಗಳ ಇತರ ನಿಲಯಗಳೊಡನೆ ಇದೂ ಆಲ್ ಇಂಡಿಯಾ ರೇಡಿಯೋವಿಗೆ ಸೇರಿತು. ೧೯೫೫ನೆಯ ನವೆಂಬರ್ ೨ರಂದು ಬೆಂಗಳೂರು ನಿಲಯವು ಆರಂಭವಾಗಲು ಪ್ರಸಾರದ ಕೇಂದ್ರವು ಅಲ್ಲಿಗೆ ಹೋಯಿತು. ಆ ದಶಕದ ಉತ್ತರಾರ್ಧದಲ್ಲಿ ಆಕಾಶವಾಣಿಯೆಂಬ ಹೆಸರು ಸಮಸ್ತ ದೇಶದ ಪ್ರಸಾರಸಂಸ್ಥೆಗೆ ಅಧಿಕೃತವಾಗಿ ಅಂಕಿತವಾಯಿತು. ಹೆಸರು ದೇಶವನ್ನೆಲ್ಲ ವ್ಯಾಪಿಸಿದ ಕಾಲದಲ್ಲಿ ಹೆಸರು ಕೊಟ್ಟ ಊರಿನಲ್ಲಿ ನಿಲಯವಿರಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಮೈಸೂರಿನಲ್ಲಿ ನಿಲಯವು ಪುನಃ ಸ್ಥಾಪಿತವಾದುದು ೧೯೭೪ರಲ್ಲಿ. ಅದು ಯಾದವಗಿರಿಯಲ್ಲಿ, ವಿಠಲ ವಿಹಾರಕ್ಕೆ ಸಮೀಪದಲ್ಲಿಯೇ ಇದೆ.

೩. ಸಣ್ಣ ಪ್ರೇಷಕದ ರಚನೆ

ಆ ಕಾಲದ ಸಣ್ಣ ಪ್ರೇಷಕಗಳ ಸಾಮಾನ್ಯ ರಚನೆಯು ಹೀಗಿರುತ್ತಿತ್ತು. ಮೊದಲನೆಯದು ನಿಯತವಾದ ಆವೃತ್ತಿಯಲ್ಲಿ ಕಂಪನವನ್ನು ಹುಟ್ಟಿಸುವ ಭಾಗ. ಅದರಲ್ಲಿ ಒಂದು ವಾಲ್ವು, ಒಂದು ತಾಮ್ರದ ಸುರುಳಿ, ಒಂದು ಕಂಡೆನ್ಸರು ಇರುತ್ತವೆ. ಆವೃತ್ತಿಯು ಚಂಚಲವಾಗದಂತೆ ಕಟ್ಟಿಹಾಕಲು ಸ್ಫಟಿಕದ ಬಿಲ್ಲೆಯನ್ನು ಇಡುವುದೂ ಉಂಟು. ಎರಡನೆಯದು ಆ ದುರ್ಬಲ ಕಂಪನವನ್ನು ವರ್ಧಿಸುವ ಭಾಗ. ಮೂರನೆಯದು ಮೈಕಿನಿಂದ ಬಂದ ಮಾತಿನ ಏರಿಳಿತವನ್ನು ಅದರ ಮೇಲೆ ಹೊರಿಸುವ ಭಾಗ. ನಾಲ್ಕನೆಯದು ಏರಿಯಲ್ಲು ಮತ್ತು ಭೂಮಿಯ ಜೋಡಣೆ. ಸುರುಳಿಯ ಸುತ್ತುಗಳನ್ನು ಹೆಚ್ಚಿಸಿದರೆ ಆವೃತ್ತಿಯು ಇಳಿಯುವುದು, ಕಂಡೆನ್ಸರಿನ ತಗಡುಗಳನ್ನು ಒಂದರಿಂದೊಂದು ಹೊರಗೆಳೆದರೆ ಆವೃತ್ತಿಯು ಏರುವುದು. ವೀಣೆಯ ತಂತಿಯನ್ನು ಬಿಗಿದು ಸಡಿಲಿಸಿ ಶ್ರುತಿಮಾಡುವಂತೆ ಇಲ್ಲಿಯೂ ಒಂದೊಂದು ಭಾಗವನ್ನೂ ಶ್ರುತಿಮಾಡಬೇಕು. ಯಾವ ಒಂದು ಭಾಗವು ಶ್ರುತಿತಪ್ಪಿದರೂ ಶಕ್ತಿಯು ಮುಂದಕ್ಕೆ ಹೋಗದೆ ವಾಲ್ವಿನಲ್ಲಿಯೇ ಕಾವಾಗಿ ವ್ಯರ್ಥವಾಗುತ್ತದೆ.

ಇಷ್ಟಾದರೂ ಕಷ್ಟವು ತೀರದು. ಮೂರು ಅಂಗಗಳ ವಾಲ್ವಿನೊಳಗೆ ಗ್ರಿಡ್ಡಿಗೂ ಪ್ಲೇಟಿಗೂ ನಡುವೆ, ಯಾರೂ ಇಡದಿದ್ದರೂ, ಒಂದು ಸಣ್ಣ ಕಂಡೆನ್ಸರಿನ ಗುಣವು ತಾನಾಗಿಯೇ ಇರುತ್ತದೆ. ವರ್ಧಿತವಾದ ಕಂಪನವು ಆ ಮಾರ್ಗವಾಗಿ ಹಿಂದಿರುಗಿ ಗ್ರಿಡ್ಡಿಗೆ ಸೇರಿದರೆ, ವರ್ಧಕವು ವರ್ಧಕವಾಗಿ ಉಳಿಯದೆ ತಾನೇ ಕೂಗತೊಡಗುತ್ತದೆ. ಇದನ್ನು ಶಮನಮಾಡಲು ಅದೇ ಪ್ರಮಾಣದ, ವಿರುದ್ಧ ದಿಕ್ಕಿನ ಕಂಪನವನ್ನು ಬೇರೊಂದು ಸಣ್ಣ ಕಂಡೆನ್ಸರಿನ ಮೂಲಕ ಗ್ರಿಡ್ಡಿಗೆ ಕೊಡುತ್ತಿದ್ದರು. ಒಂದು ಸುರುಳಿಯ ಕಾಂತಬಲವು ಇನ್ನೊಂದನ್ನು ತಟ್ಟದಂತೆ ಅವುಗಳನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಇಡುವುದು, ನಡುವೆ ಲೋಹದ ಮರೆಯನ್ನು ನಿಲ್ಲಿಸುವುದು, ತಂತಿಗಳನ್ನು ಸಾಧ್ಯವಾದಷ್ಟು ಮೋಟಾಗಿ ಕತ್ತರಿಸುವುದು ಇವೇ ಮೊದಲಾದ ನಿಯಮಗಳು ಹುಟ್ಟಿದುದು ಇದರಿಂದಲೇ. ಹೊಸದಾಗಿ ಕಟ್ಟಿದ ಪ್ರೇಷಕವನ್ನು ನೇರವಾಗಿ ಏರಿಯಲ್ಲಿಗೆ ಜೋಡಿಸದೆ, ಅದರ ಸ್ಥಾನದಲ್ಲಿ ಒಂದು ವಿದ್ಯುದ್ದೀಪವನ್ನಿಟ್ಟು ದೀಪದ ಕಾಂತಿಯಿಂದ ಶಕ್ತಿಯನ್ನು ಅಳೆಯುವುದು ರೇಡಿಯೋ ಹವ್ಯಾಸಿಗಳಲ್ಲಿ ವಾಡಿಕೆಯಾಗಿತ್ತು.

ಪ್ರಸಂಗವಶಾತ್ ೩೦ ವ್ಯಾಟಿನಿಂದ ೨೫೦ ವ್ಯಾಟಿಗೆ ಏರಿದುದರ ಫಲವನ್ನೂ ಗಣಿಸಬಹುದು. ಶಕ್ತಿಯು ಎಂಟು ಪಟ್ಟಿಗಿಂತ ಸ್ವಲ್ಪ ಹೆಚ್ಚಾಯಿತು. ಆದರೆ ಕೇಳುವವನ ಏರಿಯಲ್ಲನ್ನು ಮುಟ್ಟುವ ತರಂಗದ ಬಲವು ಶಕ್ತಿಯ ವರ್ಗಮೂಲವನ್ನು ಅನುಸರಿಸುವುದರಿಂದ, ಉಳಿದುವೆಲ್ಲ ಸಮವಾಗಿದ್ದರೆ, ಅದು ಮೂರು ಪಟ್ಟಿಗಿಂತ ಸ್ವಲ್ಪ ಕಡಿಮೆಯಾಗಿಯೇ ಹೆಚ್ಚುತ್ತದೆ. ಶಕ್ತಿಯನ್ನು ಹೆಚ್ಚಿಸುವುದರಿಂದ ಬರುವ ಲಾಭವು ಹೀಗೆ ಮಿತವಾದುದರಿಂದಲೇ, ಇರುವ ಶಕ್ತಿಯನ್ನು ಪೋಲುಮಾಡದೆ ಏರಿಯಲ್ಲಿಗೆ ಮುಟ್ಟಿಸುವ ಯೋಜನೆಯು ಸಣ್ಣ ನಿಲಯಗಳಿಗೆ ಪ್ರಾಣಭೂತವಾಗಿತ್ತು.

೪. ಲಕ್ಷಣವೂ ಲಕ್ಷ್ಯವೂ

ಮೇಲೆ ಹೇಳಿದುದರಿಂದ ಒಂದು ಸಾಮಾನ್ಯ ತತ್ತ್ವವು ಹೊರಪಡುತ್ತದೆ. ಮನೆಯ ದೀಪಕ್ಕೆ ತಂತಿಯನ್ನು ಎಳೆಯುವವನು ನಕ್ಷೆಯಲ್ಲಿ ಬರೆದ ಗೆರೆಯನ್ನೂ ಗೋಡೆಯ ಮೇಲಿನ ತಂತಿಯನ್ನೂ ಒಂದೇ ಎಂದು ಭಾವಿಸಬಹುದು. ರೇಡಿಯೋ ಆವೃತ್ತಿಯ ಮಂಡಲದಲ್ಲಿ ಹಾಗೆ ಭಾವಿಸಬಾರದು. ಇಲ್ಲಿ ನಕ್ಷೆಯು ಲಕ್ಷಣ, ಕಟ್ಟಿದ ವಸ್ತು ಲಕ್ಷ್ಯ. ಗೆರೆಯು ಲಕ್ಷಣದಲ್ಲಿ ಕೇವಲ ಸಂಬಂಧಸೂಚಕ. ಲಕ್ಷ್ಯದಲ್ಲಾದರೋ ಆ ತಂತಿಯು ತಾನೇ ಒಂದು ಸುರುಳಿ, ತಾನೇ ಒಂದು ಕಂಡೆನ್ಸರು, ಕೆಲವೊಮ್ಮೆ ತಾನೇ ಒಂದು ಏರಿಯಲ್ಲು.

ಇದರ ತಾರತಮ್ಯವು ಆವೃತ್ತಿಯನ್ನು ಅವಲಂಬಿಸಿದೆ. ಬೆಂಗಳೂರು ನಿಲಯಕ್ಕೆ ಗೊತ್ತಾದ ೬೧೨ ಕಿಲೋಹರ್ಟ್ಸಿನ ಮಧ್ಯಮ ತರಂಗದ ಉದ್ದವು ಸುಮಾರು ೪೯೦ ಮೀಟರು. ಮೈಸೂರು ನಿಲಯದ ೧೦೦.೬ ಮೆಗಾಹರ್ಟ್ಸಿನ ಎಫ್.ಎಂ. ತರಂಗದ ಉದ್ದವು ಸುಮಾರು ೩ ಮೀಟರು. ಮನೆಮನೆಯ ವೈಫೈ ಉಪಕರಣಗಳಲ್ಲಿ ಬಳಸುವ ೨.೪ ಗಿಗಾಹರ್ಟ್ಸಿನ ತರಂಗದ ಉದ್ದವು ೧೨.೫ ಸೆಂಟಿಮೀಟರು ಮಾತ್ರ. ಮೂರು ಸೆಂಟಿಮೀಟರು ಉದ್ದದ ಒಂದು ತಂತಿಯನ್ನು ತೆಗೆದುಕೊಂಡರೆ, ಅದು ಮೊದಲನೆಯ ತರಂಗದ ಎದುರಿನಲ್ಲಿ ಬಿಂದುಮಾತ್ರ. ಕಡೆಯ ತರಂಗಕ್ಕಾದರೋ ಅದು ಹೆಚ್ಚುಕಡಮೆ ಕಾಲುಭಾಗ. ಕಾಲು ತರಂಗದಷ್ಟು ಉದ್ದವಾಗಿ, ತುದಿಯಲ್ಲಿ ಯಾವುದಕ್ಕೂ ಸೇರದೆ ಬಿಟ್ಟ ತಂತಿಯು ಬುಡದಲ್ಲಿ ಭೂಮಿಗೆ ನೇರವಾಗಿ ಜೋಡಿಸಿದಂತೆ ವರ್ತಿಸುತ್ತದೆ. ನಕ್ಷೆಯನ್ನು ಮಾತ್ರ ಓದುವವನಿಗೆ ಎಲ್ಲಿಗೂ ಸೇರದ ತಂತಿಯು ನಿರುಪದ್ರವಿ. ತರಂಗಕ್ಕೆ ಅದೇ ದಾರಿಯನ್ನು ಮುಚ್ಚುವ ಕದ.

ಶಾಸ್ತ್ರದಲ್ಲಿ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವವೆಂದು ಮೂರು ದೋಷಗಳನ್ನು ಹೇಳಿದೆ. ಲಕ್ಷಣವನ್ನು ಹೇಳಿದವನು ಅದನ್ನು ಲಕ್ಷ್ಯದಲ್ಲಿ ಸಮನ್ವಯಮಾಡಿ ತೋರಿಸುವವರೆಗೆ ಅವನ ಕಾರ್ಯವು ಮುಗಿದಂತಾಗದು. ರೇಡಿಯೋ ಮಂಡಲದ ಯೋಜಕನಿಗೂ ಇದೇ ನಿಯಮವು ಅನ್ವಯಿಸುತ್ತದೆ. ನಕ್ಷೆಯಲ್ಲಿ ಬರೆಯದಿದ್ದರೂ ವಸ್ತುವಿನಲ್ಲಿ ಇರುವ ಗುಣಗಳನ್ನು ಹುಡುಕಿ ತೆಗೆಯುವುದೇ ಪರೀಕ್ಷೆಯ ಮುಖ್ಯ ಪ್ರಯೋಜನ.

೫. ಮುದ್ರಿತ ಹಲಗೆ

ವಾಲ್ವಿನ ಕಾಲದಲ್ಲಿ ಈ ಪರೀಕ್ಷೆಗೆ ಒಂದು ಸೌಕರ್ಯವಿದ್ದಿತು. ತಗಡಿನ ಪೀಠದ ಕೆಳಗೆ ಕೈಯಿಂದ ಬೆಸೆದ ತಂತಿಯು ಸರಿಬೀಳದಿದ್ದರೆ ಬಗ್ಗಿಸಬಹುದು, ಕತ್ತರಿಸಬಹುದು, ಸುರುಳಿಯನ್ನು ಹಿಗ್ಗಿಸಬಹುದು. ಯೋಜನೆಯೂ ಪರೀಕ್ಷೆಯೂ ಒಂದೇ ಮೇಜಿನ ಮೇಲೆ, ಬಹುಮಟ್ಟಿಗೆ ಒಬ್ಬನ ಕೈಯಲ್ಲಿಯೇ ನಡೆಯುತ್ತಿದ್ದುವು. ಮುದ್ರಿತ ಹಲಗೆಯು ಈ ಸ್ಥಿತಿಯನ್ನು ಮಾರ್ಪಡಿಸಿತು.

ವಿಯೆನ್ನಾದಲ್ಲಿ ೧೯೦೭ರಲ್ಲಿ ಜನಿಸಿ ೧೯೩೬ರಲ್ಲಿ ಲಂಡನ್ನಿಗೆ ಬಂದ ಪೌಲ್ ಐಸ್ಲರ್ ಎಂಬ ಶಿಲ್ಪಿಯು ತಂತಿಗಳ ಬದಲು ಹಲಗೆಯ ಮೇಲೆ ಅಂಟಿಸಿದ ತಾಮ್ರದ ಹಾಳೆಯಿಂದಲೇ ಮಾರ್ಗಗಳನ್ನು ಬಿಡಿಸುವ ಉಪಾಯವನ್ನು ರೇಡಿಯೋ ಗ್ರಾಹಕದಲ್ಲಿ ಪ್ರಯೋಗಿಸಿ ತೋರಿಸಿದನು. ಬೇಡದ ತಾಮ್ರವನ್ನು ದ್ರಾವಕದಿಂದ ಕರಗಿಸಿದರೆ ಬೇಕಾದ ಮಾರ್ಗವು ಅಚ್ಚೊತ್ತಿದಂತೆ ಉಳಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕೆಯವರು ಗುರಿಯ ಸಮೀಪದಲ್ಲಿ ತಾನಾಗಿ ಸಿಡಿಯುವ ಗುಂಡುಗಳ ರೇಡಿಯೋ ಯಂತ್ರಕ್ಕೆ ಮುದ್ರಿತ ಮಂಡಲಗಳನ್ನು ಬಳಸಿದರು. ಇತ್ತ ೧೯೩೯ರಲ್ಲಿ ಬೆಲ್ ಪ್ರಯೋಗಶಾಲೆಯ ಫಿಲಿಪ್ ಸ್ಮಿತ್ ಎಂಬಾತನು ತರಂಗವು ತಂತಿಯಲ್ಲಿ ಹೋಗಿ ಪ್ರತಿಫಲಿಸಿ ಬರುವ ಕ್ರಮವನ್ನು ಒಂದೇ ವೃತ್ತಚಿತ್ರದಲ್ಲಿ ಓದಬಹುದಾದ ನಕ್ಷೆಯನ್ನು ಪ್ರಕಟಿಸಿದ್ದನು. ೧೯೫೨ರಲ್ಲಿ ಮೈಕ್ರೋಸ್ಟ್ರಿಪ್ ಎಂಬ ಪದ್ಧತಿಯು ಬೆಳಕಿಗೆ ಬಂದಿತು. ಹಲಗೆಯ ಕೆಳಮೈಯಲ್ಲಿ ಪೂರ್ಣವಾದ ತಾಮ್ರದ ಹಾಸು, ಮೇಲ್ಮೈಯಲ್ಲಿ ಒಂದು ಸಣ್ಣ ತಾಮ್ರದ ಪಟ್ಟಿ. ತರಂಗವು ಇವೆರಡರ ನಡುವೆ ಹರಿಯುವುದು. ಆಗ ತಾಮ್ರದ ಮಾರ್ಗವು ಸಂಬಂಧಸೂಚಕವಾಗಿ ಉಳಿಯದೆ, ಅಳತೆಯಿಟ್ಟು ಕಡೆದ ಒಂದು ಅಂಗವೇ ಆಯಿತು.

ಈ ಹಲಗೆಯ ಶಿಲ್ಪಕ್ಕೂ ಮೈಸೂರು ಸೀಮೆಗೂ ನಿಕಟ ಸಂಬಂಧವು ಏರ್ಪಟ್ಟಿದೆ. ನಗರಕ್ಕೆ ಸುಮಾರು ೨೫ ಕಿಲೋಮೀಟರು ದೂರದಲ್ಲಿರುವ ನಂಜನಗೂಡಿನಲ್ಲಿ ಇಂಡಾಲ್ ಸಂಸ್ಥೆಯ ಮುದ್ರಿತ ಹಲಗೆಯ ಕಾರ್ಖಾನೆಯಿದ್ದಿತು. ೧೯೯೯ರಲ್ಲಿ ಐಸ್ಲರನ ಜನ್ಮದೇಶವಾದ ಆಸ್ಟ್ರಿಯಾದ ಎಟಿ ಅಂಡ್ ಎಸ್ ಎಂಬ ಕಂಪನಿಯು ಅದನ್ನು ಕೊಂಡಿತು. ಮೈಸೂರು ನಗರದಲ್ಲಿಯೇ ೧೯೮೮ರಲ್ಲಿ ಆರಂಭವಾದ ಕೇನ್ಸ್ ಸಂಸ್ಥೆಯು ಹಲಗೆಗಳ ಮೇಲೆ ಅಂಗಗಳನ್ನು ಜೋಡಿಸುವ ಉದ್ಯಮದಿಂದ ಬೆಳೆದುದು. ವಿಠಲ ವಿಹಾರದ ಪ್ರೇಷಕಕ್ಕೂ ಈ ಕಾರ್ಖಾನೆಗಳಿಗೂ ಕಾರ್ಯಕಾರಣಭಾವವನ್ನು ಕಲ್ಪಿಸಬೇಕಾಗಿಲ್ಲ. ವಾಣಿಯನ್ನು ಹೊರಡಿಸಿದ ಊರು ಹಲಗೆಗಳನ್ನು ತಯಾರಿಸುವ ಸೀಮೆಯೂ ಆಯಿತೆಂದು ಹೇಳಿದರೆ ಸಾಕು.

೬. ಪರೀಕ್ಷಾಕ್ರಮ

ಮುದ್ರಿತ ಹಲಗೆಯನ್ನು ಕಾರ್ಖಾನೆಗೆ ಕಳುಹಿಸಿದ ಮೇಲೆ ತಂತಿಯನ್ನು ಬಗ್ಗಿಸಿ ತಿದ್ದುವಂತಿಲ್ಲ. ತಪ್ಪಿದ್ದರೆ ಮತ್ತೊಂದು ಹಲಗೆಯನ್ನೇ ಮಾಡಿಸಬೇಕು. ಕಾಲವೂ ಹಣವೂ ಹೋಗುತ್ತವೆ. ಆದುದರಿಂದ ಪರೀಕ್ಷೆಯು ಕಟ್ಟಿದ ಮೇಲಿನ ಕೆಲಸವಾಗಿ ಉಳಿಯದೆ ಕಟ್ಟುವ ಮೊದಲೇ ನಡೆಯತಕ್ಕ ವಿಮರ್ಶೆಯಾಯಿತು. ಒಂದು ನಿರ್ದಿಷ್ಟ ಕಾರ್ಯಕ್ಕೆ ಒಬ್ಬನು ಯೋಜಿಸಿದ ಹಲಗೆಯನ್ನು ಇನ್ನೊಬ್ಬನು ನೋಡಿ ಆಕ್ಷೇಪಗಳನ್ನು ಎತ್ತುವ ಈ ಪದ್ಧತಿಯು ಶಿಲ್ಪಿಗಳಲ್ಲಿ ಸರ್ವತ್ರ ಪ್ರಚಾರದಲ್ಲಿದೆ. ವಿಮರ್ಶಕರು ಮುಖ್ಯವಾಗಿ ನೋಡುವ ಅಂಶಗಳು ಇವು.

ಮೊದಲನೆಯದು ಹಲಗೆಯ ದ್ರವ್ಯ, ದಪ್ಪ ಮತ್ತು ಪದರಗಳು. ಗಾಜಿನ ನಾರು ಮತ್ತು ಅಂಟಿನಿಂದಾದ ಸಾಮಾನ್ಯವಾದ ಎಫ್ಆರ್-೪ ಹಲಗೆಯು ೧.೬ ಮಿಲಿಮೀಟರು ದಪ್ಪವಾಗಿದ್ದರೆ, ೫೦ ಓಮ್ ಲಕ್ಷಣವುಳ್ಳ ಮಾರ್ಗಕ್ಕೆ ಸುಮಾರು ೩ ಮಿಲಿಮೀಟರು ಅಗಲದ ಪಟ್ಟಿ ಬೇಕು. ಹಲಗೆಯ ದಪ್ಪವು ಬದಲಾದರೆ ಪಟ್ಟಿಯ ಅಗಲವೂ ಬದಲಾಗಬೇಕು. ಯೋಜಕನು ಪಟ್ಟಿಯನ್ನು ಬರೆದು ಹಲಗೆಯ ದಪ್ಪವನ್ನು ನಿರ್ಣಯಿಸದೆ ಬಿಟ್ಟಿದ್ದರೆ ಅದು ಪ್ರಮಾಣವಿಲ್ಲದ ಪ್ರತಿಜ್ಞೆಯಂತೆ.

ಎರಡನೆಯದು ಹಿಂದಿರುಗುವ ಮಾರ್ಗ. ವಿದ್ಯುತ್ಪ್ರವಾಹವು ಹೋದ ಮೇಲೆ ಮರಳಲೇಬೇಕು. ಮೇಲಿನ ಪಟ್ಟಿಯಲ್ಲಿ ಹೋದುದು ಕೆಳಗಿನ ತಾಮ್ರದ ಹಾಸಿನಲ್ಲಿ ಪಟ್ಟಿಯ ನೇರಕ್ಕೇ ಹಿಂದಿರುಗುತ್ತದೆ. ಆ ಹಾಸಿನಲ್ಲಿ ಬೇರೊಂದು ತಂತಿಗಾಗಿ ಸೀಳನ್ನು ಮಾಡಿದ್ದರೆ ಪ್ರವಾಹವು ಸುತ್ತುಬಳಸಿ ಬರಬೇಕಾಗಿ, ಆ ಸುತ್ತೇ ಏರಿಯಲ್ಲಿನಂತೆ ತರಂಗವನ್ನು ಹೊರಗೆ ಚೆಲ್ಲುತ್ತದೆ. ಹೋಗುವ ದಾರಿಯನ್ನು ಎಲ್ಲರೂ ಬರೆಯುತ್ತಾರೆ. ಬರುವ ದಾರಿಯನ್ನು ನೋಡುವವನೇ ವಿಮರ್ಶಕ.

ಮೂರನೆಯದು ಮೇಲಿನ ತಾಮ್ರವನ್ನು ಕೆಳಗಿನ ಹಾಸಿಗೆ ಸೇರಿಸುವ ರಂಧ್ರಗಳು. ಕಸುಬಿನವರು ಇವನ್ನು ವಯಾ ಎನ್ನುತ್ತಾರೆ. ೧.೬ ಮಿಲಿಮೀಟರಿನ ಹಲಗೆಯಲ್ಲಿ ಇಂಥ ಒಂದು ರಂಧ್ರದ ಸುರುಳಿಗುಣವು ಸ್ಥೂಲವಾಗಿ ಒಂದು ನ್ಯಾನೋಹೆನ್ರಿ. ೬೧೨ ಕಿಲೋಹರ್ಟ್ಸಿನಲ್ಲಿ ಅದರ ತಡೆಯು ಓಮಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು, ಅಂದರೆ ಇಲ್ಲವೆನ್ನಬಹುದು, ೨.೪ ಗಿಗಾಹರ್ಟ್ಸಿನಲ್ಲಿ ಅದೇ ರಂಧ್ರವು ೧೫ ಓಮಿನ ತಡೆಯಾಗುತ್ತದೆ. ಭೂಮಿಗೆ ಜೋಡಿಸಿದೆನೆಂದು ಯೋಜಕನು ತಿಳಿದ ಸ್ಥಾನವು ಆಗ ಭೂಮಿಯಲ್ಲಿ ಇರುವುದೇ ಇಲ್ಲ. ಆದಕಾರಣ ಒಂದರ ಬದಲು ಹಲವು ರಂಧ್ರಗಳನ್ನು ಅಂಗಕ್ಕೆ ತೀರ ಹತ್ತಿರದಲ್ಲಿ ಕೊರೆಯಬೇಕೆಂದು ನಿಯಮ.

ನಾಲ್ಕನೆಯದು ವರ್ಧಕದ ಸಾಮೀಪ್ಯ. ಅದರ ಹೊರಬಾಗಿಲೂ ಒಳಬಾಗಿಲೂ ಹತ್ತಿರವಾಗಿದ್ದರೆ ಹಿಂದಣ ವಾಲ್ವಿನ ಕೂಗೇ ಇಲ್ಲಿಯೂ ಹುಟ್ಟುವುದು. ಐದನೆಯದು ವಿದ್ಯುತ್ತನ್ನು ಒದಗಿಸುವ ಮಾರ್ಗಗಳು. ಅಲ್ಲಿ ಕಂಡೆನ್ಸರನ್ನು ಅಂಗದ ಕಾಲಿಗೆ ತಾಗುವಂತೆ ಇಡಬೇಕು, ದೂರವಿಟ್ಟ ಕಂಡೆನ್ಸರು ನಡುವಣ ತಾಮ್ರದ ಸುರುಳಿಗುಣದಿಂದ ನಿಷ್ಫಲವಾಗುತ್ತದೆ. ಆರನೆಯದು ತಿದ್ದುವುದಕ್ಕೆ ಬಿಟ್ಟ ಅವಕಾಶ. ಏರಿಯಲ್ಲಿನ ಬಳಿಯಲ್ಲಿ ಬೇಕಾದರೆ ಸುರುಳಿಯನ್ನೋ ಕಂಡೆನ್ಸರನ್ನೋ ಕೂರಿಸಲು ಎರಡು ಮೂರು ಖಾಲಿ ಸ್ಥಾನಗಳನ್ನು ಬಿಟ್ಟಿರುವವನು ವಿವೇಕಿ.

ಹಲಗೆಯು ಸಿದ್ಧವಾಗಿ ಬಂದ ಮೇಲೆ ಅದರೊಳಕ್ಕೆ ತರಂಗವನ್ನು ಕಳುಹಿಸಿ ಎಷ್ಟು ಪ್ರತಿಫಲಿಸಿತೆಂದು ಯಂತ್ರದಿಂದ ಅಳೆಯುತ್ತಾರೆ. ಫಲವನ್ನು ಇಂದಿಗೂ ಸ್ಮಿತ್ತನ ವೃತ್ತಚಿತ್ರದ ಮೇಲೆಯೇ ಬರೆಯುತ್ತಾರೆ. ಕಳುಹಿಸಿದ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹಿಂದಿರುಗದಿದ್ದರೆ ಏರಿಯಲ್ಲ ಜೋಡಣೆಯು ತೃಪ್ತಿಕರವೆಂದು ಎಣಿಸುವುದು ವಾಡಿಕೆ. ಏರಿಯಲ್ಲಿನ ಸ್ಥಾನದಲ್ಲಿ ದೀಪವನ್ನಿಟ್ಟು ನೋಡುತ್ತಿದ್ದವರ ಪ್ರಶ್ನೆಗೆ ಇದು ಸೂಕ್ಷ್ಮತರವಾದ ಉತ್ತರ.

೭. ಒಂದು ಪೂರ್ವಪಕ್ಷ

ಇಲ್ಲಿ ಹೀಗೊಂದು ಆಕ್ಷೇಪವು ಬರಬಹುದು: ಈಗ ಗಣಕಯಂತ್ರಗಳು ಹಲಗೆಯ ಒಂದೊಂದು ಮೂಲೆಯ ವಿದ್ಯುತ್ಕಾಂತ ಕ್ಷೇತ್ರವನ್ನೂ ಗಣಿಸಿ ತೋರಿಸುತ್ತವೆ, ಹೀಗಿರಲು ಇನ್ನೊಬ್ಬನ ವಿಮರ್ಶೆಯಿಂದ ಆಗಬೇಕಾದುದೇನು?

ಇದಕ್ಕೆ ಸಮಾಧಾನ. ಗಣಿತವು ತಪ್ಪದಿರಬಹುದು, ಆದರೆ ಗಣಿತಕ್ಕೆ ಕೊಟ್ಟ ದತ್ತಾಂಶವನ್ನು ಗಣಿತವು ಪರೀಕ್ಷಿಸುವುದಿಲ್ಲ. ಮೇಲೆ ಹೇಳಿದ ಎಫ್ಆರ್-೪ ಹಲಗೆಯ ವಿದ್ಯುದ್ಗುಣಾಂಕವು ತಯಾರಕರಿಂದ ತಯಾರಕರಿಗೆ ಸುಮಾರು ೪.೨ರಿಂದ ೪.೭ರವರೆಗೆ ವ್ಯತ್ಯಾಸವಾಗುತ್ತದೆ. ಅದರ ಮೇಲಿನ ಪಟ್ಟಿಯಲ್ಲಿ ೨.೪ ಗಿಗಾಹರ್ಟ್ಸಿನ ಕಾಲು ತರಂಗದ ಉದ್ದವು ಸುಮಾರು ೧೭ ಮಿಲಿಮೀಟರು. ಗುಣಾಂಕವನ್ನು ೪.೨ ಎಂದು ಭಾವಿಸಿ ಕತ್ತರಿಸಿದ ಪಟ್ಟಿಯು ೪.೭ರ ಹಲಗೆಯ ಮೇಲೆ ಕುಳಿತರೆ ಅದರ ಶ್ರುತಿಯು ನೂರಕ್ಕೆ ಸುಮಾರು ಐದರಷ್ಟು ಕೆಳಗಿಳಿಯುತ್ತದೆ. ಆದರೆ ೨೪೦೦ರಿಂದ ೨೪೮೩.೫ ಮೆಗಾಹರ್ಟ್ಸಿನವರೆಗಿನ ಆ ತರಂಗಪಟ್ಟಿಯ ಒಟ್ಟು ಅಗಲವೇ ನೂರಕ್ಕೆ ಮೂರೂವರೆ. ಗಣನೆಯಲ್ಲಿ ಲೇಶವೂ ದೋಷವಿಲ್ಲದಿದ್ದರೂ ಹಲಗೆಯು ತನ್ನ ಪಟ್ಟಿಯಿಂದ ಹೊರಬಿದ್ದಿತು. ಈ ಹಲಗೆಯನ್ನು ಯಾರು ತಯಾರಿಸುವರು, ಗುಣಾಂಕವನ್ನು ಯಾರಿಂದ ತಿಳಿದಿರಿ ಎಂದು ಕೇಳತಕ್ಕವನು ಮನುಷ್ಯನೇ.

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಇದು ಪರಿಚಿತವಾದ ಸಂಗತಿ. ತಾನೇ ಬರೆದ ಪ್ರತಿಯನ್ನು ತಾನೇ ಓದುವವನ ಕಣ್ಣಿಗೆ ಬರೆದುದು ಕಾಣದೆ ಬರೆಯಬೇಕೆಂದಿದ್ದುದೇ ಕಾಣುತ್ತದೆ. ಆದುದರಿಂದಲೇ ಒಬ್ಬನು ಓದಿ ಇನ್ನೊಬ್ಬನು ಪ್ರತಿಯನ್ನು ಹಿಡಿದು ನೋಡುವ ಕ್ರಮವು ಪಾಠಶಾಲೆಗಳಲ್ಲಿ ಬೆಳೆದುಬಂದಿದೆ. ವಿಮರ್ಶಕನು ಯೋಜಕನಿಗಿಂತ ಪಂಡಿತನಾಗಿರಲೇಬೇಕೆಂಬ ನಿರ್ಬಂಧವಿಲ್ಲ. ಅವನು ಬೇರೆಯವನಾಗಿರುವುದೇ ಅವನ ಯೋಗ್ಯತೆ.

೮. ಉಪಸಂಹಾರ

ಇದುವರೆಗಿನ ವಿಚಾರದಿಂದ ಸಿದ್ಧವಾದುದು ಇಷ್ಟು. ಮೈಸೂರಿನ ಆಕಾಶವಾಣಿಯ ವೃತ್ತಾಂತಕ್ಕೆ ಶಬ್ದಶರೀರ, ಯಂತ್ರಶರೀರ ಎಂದು ಎರಡು ಶರೀರಗಳುಂಟು. ಮೊದಲನೆಯದು ೧೯೩೫ರಿಂದ ಈಚೆಗೆ ಅಳಿಯದೆ, ದೇಶವನ್ನೆಲ್ಲ ವ್ಯಾಪಿಸಿ ನಿಂತಿದೆ. ಎರಡನೆಯದರ ಸ್ವಭಾವವು ಬೇರೆ. ಹೊಸ ಪ್ರೇಷಕವು ಬಂದೊಡನೆ ಹಳೆಯದು ಗುಜರಿಗೆ ಹೋಗುತ್ತದೆ. ಹಲಗೆಯ ಎರಡನೆಯ ಆವೃತ್ತಿಯು ಸಿದ್ಧವಾದೊಡನೆ ಮೊದಲನೆಯದನ್ನು ಎಸೆಯುತ್ತಾರೆ. ಅದರೊಡನೆ ಎಲ್ಲಿ ತಪ್ಪಿತು, ಯಾರು ಯಾವ ಆಕ್ಷೇಪವನ್ನು ಎತ್ತಿದರು, ಯಾವ ತಿದ್ದುಪಡಿಯಿಂದ ಸರಿಹೋಯಿತು ಎಂಬ ಜ್ಞಾನವೂ ಹೋಗುತ್ತದೆ. ಮುಂದೆ ಬರುವವರಿಗೆ ಉಪಯೋಗವಾಗತಕ್ಕದ್ದು ಕೆಲಸಮಾಡಿದ ಹಲಗೆಗಿಂತಲೂ ಕೆಲಸಮಾಡದ ಹಲಗೆ ಮತ್ತು ಅದರ ಮೇಲಣ ಟಿಪ್ಪಣಿ.

ಮೈಸೂರು ನಗರಕ್ಕೆ ಇಂಥ ಸಂರಕ್ಷಣೆಯ ಕಾರ್ಯವು ಅಪರಿಚಿತವಾದುದಲ್ಲ. ೧೮೯೧ರಲ್ಲಿ ಇಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯವು ತಾಳೆಯೋಲೆಗಳನ್ನು ಕೂಡಿಸಿ ಇಟ್ಟುದರಿಂದಲೇ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಲೀಯ ಅರ್ಥಶಾಸ್ತ್ರದ ಪ್ರತಿಯು ದೊರಕಿತು. ೧೯೦೯ರಲ್ಲಿ ಅದು ಮುದ್ರಿತವಾಗಿ ಲೋಕವಿಖ್ಯಾತವಾಯಿತು. ಓಲೆಗಳನ್ನು ತಂದು ಇಟ್ಟವರಿಗೆ ಅವುಗಳಲ್ಲಿ ಯಾವುದು ರತ್ನವಾದೀತೆಂಬುದು ಮೊದಲೇ ತಿಳಿದಿರಲಿಲ್ಲ. ಎಲ್ಲವನ್ನೂ ಇಟ್ಟುದರಿಂದ ಅದೊಂದು ಉಳಿಯಿತು. ೧೯೪೬ರಲ್ಲಿ ಮೊದಲ್ಗೊಂಡ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್, ೧೯೬೩ರಲ್ಲಿ ಆರಂಭವಾದ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು ಇವೇ ಮೊದಲಾದ ವಿದ್ಯಾಸಂಸ್ಥೆಗಳೂ ಈ ಸೀಮೆಯ ಕಾರ್ಖಾನೆಗಳೂ ವರ್ಷಕ್ಕೆ ಕೆಲವಾದರೂ ರೇಡಿಯೋ ಹಲಗೆಗಳ ನಕ್ಷೆಗಳನ್ನು, ವಿಮರ್ಶಕರ ಆಕ್ಷೇಪಗಳ ಮತ್ತು ಅಳತೆಯ ಫಲಗಳ ಸಹಿತವಾಗಿ, ಇಸವಿಯನ್ನು ನಮೂದಿಸಿ, ಕನ್ನಡದಲ್ಲಿ ವಿವರಣೆಯನ್ನು ಬರೆದು, ಒಂದು ಕಡೆ ಸೇರಿಸಿಡುವುದು ಅಸಾಧ್ಯವಾದ ಕೆಲಸವಲ್ಲ. ಹಳೆಯ ಪ್ರೇಷಕಗಳ ವಾಲ್ವು, ಸುರುಳಿ, ನಕ್ಷೆಗಳನ್ನು ಮನೆಗಳ ಅಟ್ಟದಲ್ಲಿಟ್ಟುಕೊಂಡಿರುವವರೂ ಅವುಗಳನ್ನು ತೂಕಕ್ಕೆ ಮಾರುವ ಮೊದಲು ಈ ಸಂಗ್ರಹಕ್ಕೆ ತೋರಿಸತಕ್ಕದ್ದು. ಈ ಏರ್ಪಾಡು ಆಗುವುದಾದರೆ, ಆಕಾಶವಾಣಿಯೆಂಬ ಹೆಸರಿನೊಡನೆ ಅದನ್ನು ನುಡಿಸಿದ ವಿದ್ಯೆಯ ವೃತ್ತಾಂತವೂ ಮೈಸೂರಿನಲ್ಲಿ ಉಳಿಯುವುದು.